ಅಗರಖೇಡದ ಕಾರಿಗೆ ನಿದ್ದೆ ಬರಲಿಲ್ಲ

ಈಗ ನಮ್ಮ ಕೆಲಸಕ್ಕೆ ಬರುವವರು ಮೊದಲ ದಿನವೇ ಸ್ಕ್ಯಾನರ್ ಹಿಡಿದುಕೊಂಡು ಬರುತ್ತಾರೆ. ಸ್ಟೇರಿಂಗಿನ ಕೆಳಗೆ ಅದರ ಪಿನ್ ಚುಚ್ಚಿದರೆ ಸಾಕು, ಕಾರು ತನ್ನ ಬೇನೆಯನ್ನು ತಾನೇ ಹೇಳಿಕೊಳ್ಳುತ್ತದೆ. ಒಳ್ಳೆಯದೇ. ನನಗೆ ಹೊಟ್ಟೆಕಿಚ್ಚಿಲ್ಲ, ಇದ್ದರೂ ಸ್ವಲ್ಪ. ಆದರೆ ನಿಂತ ಕಾರಿನ ಬ್ಯಾಟರಿ ತಾನಾಗಿ ಇಳಿದುಹೋಗುವ ಬೇನೆಯೊಂದಿದೆ. ಸಂಜೆ ಸರಿಯಾಗಿ ಓಡಿದ ಗಾಡಿ, ಮುಂಜಾನೆ ಚಾವಿ ತಿರುಗಿಸಿದರೆ ಟಿಕ್ ಟಿಕ್ ಎಂದು ಸುಮ್ಮನಾಗುತ್ತದೆ. ಒಳಗೆ ಯಾವುದೋ ಒಂದು ಕದ್ದು ಕರೆಂಟು ತಿಂದಿರುತ್ತದೆ. ಆ ಕಳ್ಳನನ್ನು ಹಿಡಿಯುವ ಹೊತ್ತಿಗೆ ನಿಮ್ಮ ಸ್ಕ್ಯಾನರ್ ಅನೇಕ ಸಲ ಕೈಕಟ್ಟಿ ಕೂತುಬಿಡುತ್ತದೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಗ್ಯಾರೇಜಿನಲ್ಲಿ ಇದರಷ್ಟು ಒಂಟಿ ಕೆಲಸ ಇನ್ನೊಂದಿಲ್ಲ. ಇಂಜಿನ್ ಬಿಚ್ಚಿದರೆ ಸುತ್ತ ಹತ್ತು ಮಂದಿ ನಿಂತು ಬುದ್ಧಿ ಹೇಳುತ್ತಾರೆ, ಚಹಾ ತರಿಸುತ್ತಾರೆ. ಇಲ್ಲಿ ನೋಡಲು ಏನೂ ಇಲ್ಲ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ನಡುವೆ ಮೀಟರ್ ಜೋಡಿಸಿ, ದೂರ ಕೂತು ಕಾಯಬೇಕು. ಈಗಿನ ಕಾರುಗಳಿಗೆ ಚಾವಿ ತೆಗೆದ ಕೂಡಲೇ ನಿದ್ದೆ ಬರುವುದಿಲ್ಲ. ಒಳಗಿನ ಒಂದೊಂದು ಎಲೆಕ್ಟ್ರಾನಿಕ್ ಡಬ್ಬಿಯೂ ತನ್ನ ಕೆಲಸ ಮುಗಿಸಿ ನಿಧಾನವಾಗಿ ಮಲಗುತ್ತದೆ. ಎಲ್ಲವೂ ಮಲಗಿದ ಮೇಲೆ ಮೀಟರಿನಲ್ಲಿ ಇನ್ನೂ ಯಾರು ಎದ್ದಿದ್ದಾರೆ ಎಂದು ನೋಡಬೇಕು. ಅಲ್ಲಿಯವರೆಗೆ ಬಾಗಿಲು ಮುಟ್ಟುವ ಹಾಗಿಲ್ಲ, ಪಕ್ಕದಲ್ಲಿ ಯಾರನ್ನೂ ಬಿಟ್ಟುಕೊಳ್ಳುವ ಹಾಗಿಲ್ಲ. ಹೆಂಡತಿ ತೀರಿಹೋದ ಮೇಲೆ ಮನೆಯಲ್ಲೂ ಹೀಗೇ ಕೂಡುವುದು ರೂಢಿಯಾಯಿತು. ಎರಡರಲ್ಲಿ ಯಾವುದು ಯಾವುದಕ್ಕೆ ತಯಾರಿ ಮಾಡಿಸಿತೋ ಗೊತ್ತಿಲ್ಲ.

ಇಂಡಿಯಲ್ಲಿ ಸಿಂದಗಿ ರಸ್ತೆಗೆ ನನ್ನ ಆಟೋ ಎಲೆಕ್ಟ್ರಿಕ್ ಅಂಗಡಿ ಇತ್ತು. ಅದು ಬೆಳೆದದ್ದರ ಬಗ್ಗೆ ಹೇಳಲು ಹೆಚ್ಚಿಲ್ಲ. ಒಮ್ಮೆ ದೊಡ್ಡ ಬೋರ್ಡು ಬರೆಸಿದೆ, ಗಾಳಿಗೆ ಹಾರಿಹೋಯಿತು, ಮತ್ತೆ ಬರೆಸಲಿಲ್ಲ. ಕೆಂಪು ತಂತಿಗೂ ಕಂದು ತಂತಿಗೂ ಫರಕು ಕಾಣದಷ್ಟು ಕಣ್ಣು ಮಂಜಾದಾಗ ಅಂಗಡಿ ಮುಚ್ಚಿದೆ. ಮುಚ್ಚುವುದಕ್ಕೆ ಸ್ವಲ್ಪ ಮೊದಲು ಬಂದ ಒಂದು ಕಾರಿನ ಸಂಗತಿ ಹೇಳುತ್ತೇನೆ. ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಅದರಲ್ಲಿ ಖರ್ಚಾಯಿತು.

ಅದು ಅಗರಖೇಡದ ಸುನಂದಾಳ ಕಾರು. ಮೂವತ್ತು ದಾಟಿದ ಹೆಣ್ಣುಮಗಳು, ಹಳೆಯ ಸಣ್ಣ ಕಾರು ಕೊಂಡು ತಾನೇ ಓಡಿಸುತ್ತಿದ್ದಳು. ಮದುಮಗಳಿಗೆ ಸಿಂಗಾರ ಮಾಡುವುದು ಅವಳ ಕೆಲಸ. ಮೇಕಪ್ಪಿನ ಪೆಟ್ಟಿಗೆ ಹಿಂದಿನ ಸೀಟಿನಲ್ಲಿಟ್ಟುಕೊಂಡು ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂದು ಲಗ್ನದ ಮನೆಗಳಿಗೆ ತಿರುಗುತ್ತಿದ್ದಳು.

"ಕಾಕಾ, ನಿಮ್ಮ ಹೆಸರ ಕೇಳಿ ಬಂದೇನಿ," ಎಂದಳು. "ಎರಡು ದಿನಾ ನಿಂತ್ರ ಮೂರನೇ ದಿನಾ ಗಾಡಿ ಏಳೂದಿಲ್ಲ. ಮದಲಗಿತ್ತಿ ಕನ್ನಡಿ ಮುಂದ ಕುಂತು ನನಗ ಕಾಯತಿರತಾಳ. ಮುಹೂರ್ತದ ಅಕ್ಕಿಕಾಳ ಬೀಳೂ ಹೊತ್ತ ಯಾರಿಗೂ ಕಾಯೂದಿಲ್ರಿ."

"ಬಸ್ಸಿಗೆ ಹೋಗಬೇಕಿಲ್ಲ ಅಂಥ ದಿನಾ?"

"ಪೆಟಗಿ ಹೊತ್ಕೊಂಡು, ಮೂರು ಬಸ್ ಬದಲಿ ಮಾಡಿ, ಧೂಳ ಮೈಲೆ ಹೋಗಿ ಇನ್ನೊಬ್ಬರನ್ನ ಚಂದ ಮಾಡ್ಲ್ಯಾ? ಈ ಗಾಡಿ ಇದ್ರ ನನ್ನ ಬಾಳೇ ಐತ್ರಿ ಕಾಕಾ. ಇಲ್ಲಂದ್ರ ಇಲ್ಲ."

ಬಾಗೇವಾಡಿಗೆ ಅವಳನ್ನು ಮದುವೆ ಮಾಡಿ ಕೊಟ್ಟಿದ್ದರು. ಗಂಡ ಅವಳ ಫೋನು ನೋಡುತ್ತಿದ್ದ, ಚಪ್ಪಲಿಗೆ ಹತ್ತಿದ ಮಣ್ಣು ನೋಡಿ ಎಲ್ಲಿ ಹೋಗಿದ್ದೆ ಎಂದು ಕೇಳುತ್ತಿದ್ದನಂತೆ. "ನನ್ನ ಉಸಿರ ಎಣಸತಿದ್ದ" ಎಂದಳು. ಒಂದು ದಿನ ಎದ್ದು ತವರಿಗೆ ಬಂದಳು, ಕೆಲಸ ಕಲಿತಳು, ಕಾರು ಕೊಂಡಳು. ಇಷ್ಟನ್ನೂ ನಾನು ಕೇಳದೆಯೇ, ಬಾನೆಟ್ ಎತ್ತುವಷ್ಟರಲ್ಲಿ ಹೇಳಿ ಮುಗಿಸಿದಳು. ಬಹಳ ದಿನ ಮಾತಾಡದವರು ಹಾಗೆ ಮಾತಾಡುತ್ತಾರೆ ಎಂದು ನನಗೆ ನನ್ನಿಂದಲೇ ಗೊತ್ತು.

ಬ್ಯಾಟರಿ ಹಳೆಯದಾಗಿತ್ತು. ಸತ್ತವರ ಮೇಲೆ ತಪ್ಪು ಹೊರಿಸುವುದು ಸುಲಭ. ಹೊಸದು ಹಾಕಿ ಕಳಿಸಿದೆ. ಕೆಲವೇ ದಿನದಲ್ಲಿ ಹೊಸ ಬ್ಯಾಟರಿಯೂ ಮಲಗಿತು; ಅದೂ ಬಾಗೇವಾಡಿಯ ಒಂದು ಲಗ್ನದ ಮುಂಜಾನೆ. ಸುನಂದಾ ಹೋಗಿ ಮುಟ್ಟುವಷ್ಟರಲ್ಲಿ ಅಕ್ಕಿಕಾಳು ಬಿದ್ದು ಮಂದಿ ಊಟಕ್ಕೆ ಕೂತಿದ್ದರು. ಮದುಮಗಳಿಗೆ ಅವಳ ಚಿಗವ್ವನೇ ಪೌಡರು ಬಳಿದಿದ್ದಳಂತೆ. ಫೋಟೋದಲ್ಲಿ ಹುಡುಗಿ ಆಗತಾನೇ ಹಿಟ್ಟಿನ ಗಿರಣಿಯಿಂದ ಬಂದವಳ ಹಾಗೆ ಕಂಡಳು ಎಂದು ನಾಲ್ಕು ತಾಲ್ಲೂಕಿಗೆ ಸುದ್ದಿಯಾಯಿತು. ಸುನಂದಾ ಬಂದು ನನ್ನ ಮೇಲೆ ಹರಿಹಾಯ್ದಳು.

"ಇನ್ನೊಮ್ಮೆ ಹಿಂಗಾತಂದ್ರ ನನ್ನ ಯಾರೂ ಕರೆಯೂದಿಲ್ಲ. ಮುದ್ದೇಬಿಹಾಳದಾಗ ದೊಡ್ಡ ಮನಿ ಲಗ್ನ ಒಪ್ಕೊಂಡೇನಿ. ಅದು ತಪ್ಪಿತಂದ್ರ ಗಾಡಿ ಮಾರಿ ಮನ್ಯಾಗ ಕುಂದರೂದಽ!"

ಕಾರನ್ನು ಅಂಗಡಿಯಲ್ಲಿ ಬಿಟ್ಟು ಹೋಗು ಎಂದೆ.

ಇಲ್ಲಿ ನಮ್ಮ ಉಸ್ತಾದರನ್ನು ನೆನೆಯಬೇಕು. ಸಿಂದಗಿಯಲ್ಲಿ ನನಗೆ ಕೆಲಸ ಕಲಿಸಿದ ಖಾಜಾಸಾಬ ಉಸ್ತಾದರ ಹತ್ತಿರ ಮೀಟರ್ ಇರಲಿಲ್ಲ. ಎರಡು ತಂತಿ, ಒಂದು ಬಲ್ಬು, ಅಷ್ಟೇ. ಬ್ಯಾಟರಿ ಬಿಚ್ಚಿ ನಡುವೆ ಬಲ್ಬು ಹಿಡಿದರೆ, ಅದು ಉರಿಯಿತೆಂದರೆ ಕಳ್ಳ ಒಳಗಿದ್ದಾನೆ. ಒಂದೊಂದೇ ಫ್ಯೂಸ್ ಕೀಳುತ್ತ ಹೋಗುವುದು. ಯಾವುದು ಕಿತ್ತಾಗ ಬಲ್ಬು ಆರಿತೋ ಆ ದಾರಿಯಲ್ಲಿ ಹುಡುಕುವುದು. ಒಮ್ಮೆ ಒಬ್ಬ ವ್ಯಾಪಾರಿಯ ಕಾರಿನ ಡಿಕ್ಕಿಯ ದೀಪದ ಮೇಲೆ ಅವರಿಗೆ ಸಂಶಯ ಬಂತು. ಮುಚ್ಚಿದ ಡಿಕ್ಕಿಯೊಳಗೆ ದೀಪ ಆರಿದೆಯೋ ಇಲ್ಲವೋ ನೋಡುವುದು ಹೇಗೆ? ನನ್ನನ್ನೇ ಡಿಕ್ಕಿಯಲ್ಲಿ ಮಲಗಿಸಿ ಮುಚ್ಚಿದರು. ಶೇಂಗಾ ಹಿಂಡಿಯ ವಾಸನೆಯಲ್ಲಿ ಮುದುಡಿಕೊಂಡು "ಉಸ್ತಾದ, ಬೆಳಕ ಐತ್ರೀ" ಎಂದು ಕೂಗಿದೆ. ಅವರು ಚಹಾ ಕುಡಿದು ಮುಗಿಸಿ ತೆಗೆದರು. ಅವರು ಕಲಿಸಿದ ಮಾತು ಇವತ್ತಿಗೂ ಸುಳ್ಳಾಗಿಲ್ಲ: "ಗಾಡಿ ನೋಡೂಕಿಂತ ಮೊದಲ ಗಾಡಿ ಎಲ್ಲಿ ನಿಂದರತೈತಿ, ಯಾರ ಜೋಡಿ ಇರತೈತಿ, ಅದನ್ನ ಕೇಳು."

ಹೊಸ ತರದ ಕಾರುಗಳು ಬಂದಾಗ ಈ ಬಲ್ಬಿನ ವಿದ್ಯೆ ನನ್ನನ್ನು ಮುದ್ದೇಬಿಹಾಳದಲ್ಲಿ ಚೆನ್ನಾಗಿ ಮಂಗ ಮಾಡಿತು. ಬಲ್ಬು ಉರಿಯಿತು, ಕಳ್ಳ ಸಿಕ್ಕ ಎಂದುಕೊಂಡು ಬಾಗಿಲು ತೆರೆದು ಫ್ಯೂಸ್ ಕಿತ್ತೆ. ಬಲ್ಬು ಆರಲಿಲ್ಲ. ಮುಚ್ಚಿದೆ, ತೆರೆದೆ, ಇನ್ನೊಂದು ಕಿತ್ತೆ. ಇಡೀ ದಿನ ಇದೇ ಆಯಿತು. ಬಾಗಿಲು ತೆರೆದಾಗಲೆಲ್ಲ ಕಾರು ಎಚ್ಚರಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಅಳುವ ಕೂಸನ್ನು ತಟ್ಟಿ ಮಲಗಿಸಿ ಮತ್ತೆ ತಾನೇ ಚಿವುಟಿ ಎಬ್ಬಿಸಿದ ಹಾಗೆ. ಆಮೇಲೆ ಉಪಾಯ ಕಲಿತೆ. ಬಾಗಿಲು ತೆರೆದೇ ಇಟ್ಟು, ಅದರ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದರೆ ಕಾರು ಬಾಗಿಲು ಮುಚ್ಚಿದೆ ಎಂದೇ ನಂಬುತ್ತದೆ. ಆಗ ಒಳಗೆ ಕೈಹಾಕಿ ಬೇಕಾದ್ದು ಮಾಡಬಹುದು. ಇದನ್ನು ನೀವು ಇವತ್ತೇ ಕಲಿತುಕೊಳ್ಳಿ.

ಸುನಂದಾಳ ಕಾರು ನನ್ನ ಅಂಗಡಿಯ ಮುಂದೆ, ಬಯಲಲ್ಲಿ, ದಿನಗಟ್ಟಲೆ ನಿಂತಿತು. ಕೊಂಡಿ ಒತ್ತಿ, ಮೀಟರ್ ಹಾಕಿ, ಸ್ಟೂಲಿನ ಮೇಲೆ ಕೂತೆ. ಅಂಕಿ ಇಳಿಯುತ್ತ ಇಳಿಯುತ್ತ ಬಹುತೇಕ ಸೊನ್ನೆಗೆ ಬಂತು. ಮಗುವಿನ ಹಾಗೆ ಮಲಗಿತು ಕಾರು. ಮೂರನೇ ಮುಂಜಾನೆ ಚಾವಿ ತಿರುಗಿಸಿದರೆ ಒಂದೇ ಏಟಿಗೆ ಎದ್ದಿತು. ಏನೂ ದೋಷವಿಲ್ಲ ಎಂದು ಹೇಳುವುದಕ್ಕಿಂತ ಕೆಟ್ಟ ಮಾತು ನಮ್ಮ ಕೆಲಸದಲ್ಲಿ ಇಲ್ಲ. ಅವಳಿಗೆ ಹೇಳಿದಾಗ ಮುಖ ಸಣ್ಣದು ಮಾಡಿದಳು.

"ಮತ್ತ ನಾ ಸುಳ್ಳ ಹೇಳ್ತೇನೇನು ಕಾಕಾ?"

"ಇಲ್ಲವಾ. ಗಾಡಿ ಮನ್ಯಾಗ ಎಲ್ಲಿ ನಿಂದರತೈತಿ?"

"ಕುರಿದೊಡ್ಡಿ ಬಾಜೂಕ, ತಗಡಿನ ಶೆಡ್ಡಿನ್ಯಾಗ. ನಮ್ಮಪ್ಪ ಹಾಕ್ಸ್ಯಾನ."

"ಮುದ್ದೇಬಿಹಾಳಕ್ಕ ಹೋಗೂ ದಿನಾ ಮುಂಜಾನಿ ನಾನಽ ಬರತೇನಿ. ಅದರ ಹಿಂದಿನ ಎರಡು ದಿನಾ ಗಾಡಿ ಮುಟ್ಟಬ್ಯಾಡ," ಎಂದೆ.

ಹೇಳಿದ ದಿನ ಬಸ್ಸಿಗೆ ಅಗರಖೇಡಕ್ಕೆ ಹೋದೆ. ಸುನಂದಾ ಬಾಗಿಲಲ್ಲೇ ನಿಂತಿದ್ದಳು. ಕಾರು ಆಗಲೇ ಸತ್ತಿತ್ತು. ಲಗ್ನ ಮರುದಿನ ಮುಂಜಾನೆ. ಅವಳು ಇವತ್ತೇ ಮಧ್ಯಾಹ್ನ ಹೊರಟು ಮದುಮಗಳ ಮನೆಯಲ್ಲಿ ಉಳಿಯಬೇಕಾಗಿತ್ತು.

ಅಂಗಳದಲ್ಲಿ ಅವಳ ಅಪ್ಪ ಬೀರಪ್ಪ ಕಂಬಳಿ ಹಾಸಿಕೊಂಡು ಕೂತಿದ್ದ. ಕುರಿ ಕಾಯುವ ಮನೆತನ. ವಯಸ್ಸಿದ್ದಾಗ ಹಿಂಡು ಹೊಡೆದುಕೊಂಡು ಭೀಮೆಯ ದಂಡೆಯಿಂದ ಕೃಷ್ಣೆಯ ದಂಡೆಯವರೆಗೂ ನಡೆದವನು. ಈಗ ಹಿಂಡು ಮಾರಿ ಒಂದು ಟಗರನ್ನಷ್ಟೇ ಉಳಿಸಿಕೊಂಡಿದ್ದ. ಆ ಟಗರು ಶೆಡ್ಡಿನ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಅದರ ಕೆಲಸವೇನೆಂದು ನನಗೆ ಸ್ವಲ್ಪ ಹೊತ್ತಿಗೆ ತಿಳಿಯಿತು.

"ಏ ಟಗರ," ಎಂದ ಬೀರಪ್ಪ, ಅದರ ಕಡೆ ನೋಡುತ್ತ. "ಮಿಸ್ತ್ರಿಗೋಳಿಗೆ ನೀರ ಕೊಟ್ಟಾರೇನ ಕೇಳು."

"ಕೊಟ್ಟೇನಿ ಅಂತ ಹೇಳ ಟಗರ," ಎಂದಳು ಸುನಂದಾ ಒಳಗಿನಿಂದ.

ಟಗರು ಮೆಲುಕು ಹಾಕುತ್ತಿತ್ತು.

ಸುನಂದಾ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. ಗಂಡನನ್ನು ಬಿಟ್ಟು ಬಂದ ದಿನ ಅಪ್ಪ, "ಬಂದೀದಿ, ಇರು. ಆದ್ರ ಬಾಯಿ ಮುಚ್ಕೊಂಡು ಇರು" ಎಂದಿದ್ದನಂತೆ. ಅವಳು ಹಾಗೇ ಇದ್ದುಬಿಟ್ಟಳು. ಅವನೂ ಮತ್ತೆ ಮಾತಾಡಿಸಲಿಲ್ಲ. ಅವ್ವ ಬದುಕಿರುವವರೆಗೆ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ಕೆಲಸ ಟಗರಿಗೆ ಬಂತು. ಎರಡು ವರ್ಷ ಒಂದೇ ಒಲೆಯ ರೊಟ್ಟಿ ತಿಂದುಕೊಂಡು, ಟಗರಿನ ಮುಖಾಂತರ ಬಾಳುವೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಮನೆಯಲ್ಲಿ ಟಗರೂ ಇಲ್ಲ ಎಂಬುದು ನೆನಪಾಗಿ ನಗಲಿಲ್ಲ.

ನಾನು ತಂದ ಚಾರ್ಜಿನ ಬ್ಯಾಟರಿ ಕೂಡಿಸಿ ಕೆಲಸ ಶುರು ಮಾಡಿದೆ. ಅಷ್ಟರಲ್ಲಿ ಟಗರಿಗೆ ರಜೆ ಸಿಕ್ಕಿ ನನಗೆ ನೌಕರಿ ಬಂದಿತ್ತು.

"ಮಿಸ್ತ್ರಿಗೋಳ, ಇವತ್ತ ಹೋಗೂದು ಖರೇನ ಐತೇನ ಕೇಳ್ರಿ," ಎಂದ ಬೀರಪ್ಪ. ಮಗಳು ಕೈಯಳತೆಯಲ್ಲಿ ನಿಂತಿದ್ದಳು.

"ಐತಿ ಅಂತ ಹೇಳ್ರಿ ಕಾಕಾ."

"ಉಂಡು ಹೋಗಂತ ಹೇಳ್ರಿ."

"ಹಸಿವಿಲ್ಲ ಅನ್ರಿ."

ಟಗರಿಗಾದರೂ ಮುಂದೆ ಮೇವು ಇತ್ತು. ನನಗೆ ಚಹಾ ಬಂದದ್ದು ಬಹಳ ತಡವಾಗಿ.

ಕೊಂಡಿ ಒತ್ತಿ, ಎಲ್ಲರನ್ನೂ ದೂರ ಕೂಡಿಸಿ ಕಾದೆ. ಅಂಕಿ ಇಳಿಯಿತು, ಅರ್ಧಕ್ಕೆ ನಿಂತಿತು. ಅಂಗಡಿಯಲ್ಲಿ ಸೊನ್ನೆಯ ಹತ್ತಿರ ಬಂದ ಕಾರು ಇಲ್ಲಿ ಅರ್ಧ ಆಂಪಿಯರ್ ತಿನ್ನುತ್ತಿತ್ತು. ಎರಡು ದಿನಕ್ಕೆ ಬ್ಯಾಟರಿಯ ಪ್ರಾಣ ತೆಗೆಯಲು ಅಷ್ಟು ಸಾಕು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ. ಎಲ್ಲ ಕಿತ್ತರೂ ಅಂಕಿ ಅಲ್ಲಾಡಲಿಲ್ಲ. ಅಂದರೆ ಫ್ಯೂಸಿನ ದಾರಿಯಲ್ಲಿ ಬಾರದೆ, ನೇರ ಬ್ಯಾಟರಿಗೇ ಬಾಯಿ ಹಚ್ಚಿ ಕೂತದ್ದು ಯಾವುದೋ ಇದೆ.

ಆದರೆ ಬಯಲಲ್ಲಿ ಯಾಕೆ ತಿನ್ನಲಿಲ್ಲ? ಉಸ್ತಾದರ ಮಾತಿನಂತೆ ನಿಂತ ಜಾಗ ನೋಡಿದೆ. ಮೇಲೆ ತಗಡು, ಮೂರು ಕಡೆ ತಗಡು. ಬಿಸಿಲಿಗೆ ಕಾರು ಸುಡಬಾರದೆಂದು ಬೀರಪ್ಪ ತಾನೇ ನಿಂತು ಹೊಡೆಸಿದ್ದು.

"ಬರ್ರಿ, ಹೊರಗ ದೂಡೂನು," ಎಂದೆ. ಮೂವರೂ ಕೂಡಿ ಕಾರನ್ನು ಅಂಗಳಕ್ಕೆ ದೂಡಿದೆವು. ಬೀರಪ್ಪನೇ ಎಲ್ಲರಿಗಿಂತ ಜೋರಾಗಿ ದೂಡಿದ. ಸ್ವಲ್ಪ ಹೊತ್ತಿಗೆ ಅಂಕಿ ತಾನಾಗಿ ಇಳಿದುಹೋಯಿತು. ಮತ್ತೆ ತಗಡಿನ ಕೆಳಗೆ ದೂಡಿದೆವು. ಮತ್ತೆ ಏರಿತು.

ಆಗ ನನಗೆ ತಿಳಿಯಿತು. ಸಿಗ್ನಲ್ ಸಿಗದ ಊರಿಗೆ ಹೋದರೆ ನಮ್ಮ ಮೊಬೈಲಿನ ಚಾರ್ಜು ಬೇಗ ಇಳಿಯುವುದಿಲ್ಲವೆ? ಅದು ಟವರನ್ನು ಕರೆಯುತ್ತಲೇ ಇರುತ್ತದೆ, ಓಗೊಡುವವರಿಲ್ಲ, ಆದರೂ ಬಿಡದೆ ಕರೆಯುತ್ತದೆ. ಈ ಕಾರಿನೊಳಗೂ ಹಾಗೆ ಕರೆಯುವುದೊಂದು ಇತ್ತು. ಬಯಲಲ್ಲಿ ಉತ್ತರ ಸಿಕ್ಕಿ ಮಲಗುತ್ತಿತ್ತು. ತಗಡಿನ ಕೆಳಗೆ ಹಗಲೂ ರಾತ್ರಿ ಕೂಗುತ್ತಿತ್ತು.

ಬ್ಯಾಟರಿಯ ಪ್ಲಸ್ಸಿನಿಂದ ಹೊರಟ, ಕಂಪನಿಯದಲ್ಲದ ಒಂದು ತೆಳು ತಂತಿಯನ್ನು ಬೆರಳಿನಿಂದ ಹಿಂಬಾಲಿಸಿದೆ. ಡ್ಯಾಶ್‌ಬೋರ್ಡಿನ ಹಿಂದೆ, ಟೇಪು ಸುತ್ತಿ ಕಟ್ಟಿದ, ಕಡ್ಡಿಪೆಟ್ಟಿಗೆಯಷ್ಟು ಸಣ್ಣ ಡಬ್ಬಿ ಸಿಕ್ಕಿತು. ಕೈಗೆ ಬೆಚ್ಚಗೆ ಹತ್ತಿತು. ಕಾರು ಎಲ್ಲಿದೆ ಎಂದು ಇನ್ನೊಬ್ಬರ ಮೊಬೈಲಿಗೆ ತೋರಿಸುವ ಡಬ್ಬಿ ಅದು.

ಕಳ್ಳ ಸಿಕ್ಕಾಗ ಖುಷಿಯಾಗಬೇಕು. ನನಗೆ ಆಗಲಿಲ್ಲ. ಇದನ್ನು ಯಾರು ಹಾಕಿರಬಹುದು ಎಂದು ಯೋಚಿಸುವಷ್ಟರಲ್ಲಿ ಸುನಂದಾ ಬಗ್ಗಿ ನೋಡಿದಳು.

"ಏನದು ಕಾಕಾ?"

ಸುಳ್ಳು ಹೇಳಬಹುದಾಗಿತ್ತು. ಶಾರ್ಟ್ ಆಗಿತ್ತು, ತಂತಿ ಕತ್ತರಿಸಿದೆ ಎಂದರೆ ಮುಗಿಯುತ್ತಿತ್ತು. ಆದರೆ ಕಾರು ಅವಳದು. "ಗಾಡಿ ಎಲ್ಲಿ ಹೋಗತೈತಿ ಅಂತ ತೋರಸೂದು," ಎಂದೆ.

ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಕಾರಿನ ಬಾಗಿಲು ಹಿಡಿದುಕೊಂಡಳು. "ಅಂವ ಹಾಕ್ಯಾನ," ಎಂದಳು. "ಬಾಗೇವಾಡಿಗೆ ಲಗ್ನಕ್ಕ ಹೋದಾಗ ಹಾಕ್ಯಾನ. ನಾ ಎಲ್ಲೆಲ್ಲಿ ಹೋಗತೇನಿ ಎಲ್ಲಾ ನೋಡಾಕತ್ಯಾನ. ಕಾಕಾ, ನಾ ಇನ್ನ ಎಲ್ಲಿ ಹೋಗ್ಲಿ?" ಅಂಥ ಹೆದರಿಕೆಯನ್ನು ನಾನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ.

ಬೀರಪ್ಪ ಎದ್ದು ನಿಂತ. ಟಗರಿನ ಕಡೆ ನೋಡಿದ, ನನ್ನ ಕಡೆ ನೋಡಿದ. ಈ ಮಾತು ನಮ್ಮಿಬ್ಬರ ಮುಖಾಂತರ ಹೋಗುವಂಥದ್ದಲ್ಲ ಎಂದು ಅವನಿಗೂ ಗೊತ್ತಾಗಿರಬೇಕು.

"ಸುನಂದಾ," ಎಂದ. "ಅಂವ ಅಲ್ಲವಾ. ನಾನಽ ಹಾಕ್ಸೇನಿ."

ಅವಳು ಅವನನ್ನೇ ನೋಡುತ್ತ ನಿಂತಳು. ತವರಿಗೆ ಬಂದ ಮೇಲೆ ಅವನು ಮೊದಲ ಸಲ ಹೆಸರು ಹಿಡಿದು ಕರೆದದ್ದು ಅವಳ ತಲೆಗೆ ಹೋಗಲು ತಡವಾಯಿತು. ಹೋದ ಕೂಡಲೇ ಸಿಟ್ಟು ಬಂತು.

"ನೀನ?"

"ಚಡಚಣದಾಗ ನಮ್ಮ ತಂಗೀ ಮಗಾ ಕ್ಯಾಮೆರಾ ಮಾರತಾನಲಾ, ಅಂವಗ ಹೇಳಿ ಹಾಕ್ಸಿದೆ. ನೀ ಒಬ್ಬಾಕಿನಽ ಹೋಗ್ತಿ. ಹೊತ್ತು ಮುಣಗಿದ ಮ್ಯಾಲ ಬರ್ತಿ. ಹಿಂಡಿನ್ಯಾಗಿನ ಒಂದ ಕುರಿ ಕಾಣಲಿಲ್ಲಂದ್ರ ನನಗ ಅನ್ನ ಇಳೀತಿದ್ದಿಲ್ಲ. ಕುರಿಗಿ ಗಂಟಿ ಕಟ್ಟೂದು ಸಿಟ್ಟಿಲೇ ಅಲ್ಲವಾ."

"ನಾ ಕುರಿ ಅಲ್ಲ! ಅಂವನೂ ಇದನ್ನ ಮಾಡಿದ್ದ, ಅದಕ್ಕ ಬಿಟ್ಟು ಬಂದೆ. ಬಂದು ಇಲ್ಲೂ ಅದಽ. ಎಲ್ಲಿ ಹೊಂಟೀ ಅಂತ ಬಾಯಿ ತಗದು ಕೇಳಿದ್ರ ಹೇಳತಿದ್ದೆ. ಒಂದ ಮಾತ ಕೇಳಾಕ ಆಗಲಿಲ್ಲ ನಿನಗ. ಇದರಿಂದನ ನನ್ನ ಕೆಲಸ ಮುಣಗಾಕತ್ತಿತ್ತು, ಗೊತ್ತೇನು? ನಿನ್ನ ಡಬ್ಬಿ, ನಿನ್ನ ತಗಡು!"

ಅವಳು ಹೇಳಿದ್ದು ಖರೆ. ಬಿಸಿಲು ತಾಗದಿರಲೆಂದು ಹಾಕಿಸಿದ ತಗಡು, ಮಗಳು ಕಳೆಯದಿರಲೆಂದು ಹಾಕಿಸಿದ ಡಬ್ಬಿ, ಎರಡೂ ಕೂಡಿ ಅವಳ ಕೆಲಸವನ್ನೇ ತಿನ್ನುತ್ತಿದ್ದವು. ಬೀರಪ್ಪನಿಗೆ ಅದು ಅದೇ ಗಳಿಗೆಗೆ ಗೊತ್ತಾಯಿತು. ಅವನು ಏನೂ ಸಮಜಾಯಿಷಿ ಕೊಡಲಿಲ್ಲ. ಅಂಗಿಯ ಕಿಸೆಯಿಂದ ಮೊಬೈಲು ತೆಗೆದು ಅವಳ ಮುಂದೆ ಹಿಡಿದ. ನಕಾಶೆಯ ಮೇಲೆ ಒಂದು ಕೆಂಪು ಚುಕ್ಕೆ. ಅವನಿಗೆ ಓದು ಬರುವುದಿಲ್ಲ. ಆದರೆ ಆ ರಸ್ತೆಗಳೆಲ್ಲ ಅವನು ಕುರಿ ಹೊಡೆದುಕೊಂಡು ನಡೆದ ದಾರಿಗಳು. ಗೆರೆಯ ತಿರುವು ನೋಡಿದರೆ ಊರು ಗೊತ್ತಾಗುತ್ತಿತ್ತು.

"ಇದು ಸಿಂದಗಿ ಕೆರಿ ಬಾಜೂಕಿನ ಹಾದಿ. ಇದು ಬಾಗೇವಾಡಿ ದಿನ್ನಿ. ಎಲ್ಲಾ ನನಗ ತಿಳೀತೈತಿ," ಎಂದ. "ಒಂದ ತಿಳೀವಲ್ದು. ಲಗ್ನ ಮುಗಿಸಿ ಯಾವ ಊರಿಂದ ಬಂದ್ರೂ ನಮ್ಮ ಊರ ಮುಂದಿನ ಹಳ್ಳದ ದಂಡಿಗೆ ನಿಂದರ್ತಿ. ಬಾಳ ಹೊತ್ತ ನಿಂದರ್ತಿ. ಅಲ್ಲಿ ಮನಿ ಇಲ್ಲ, ಅಂಗಡಿ ಇಲ್ಲ. ನಾ ಇಲ್ಲಿ ಬಾಗಲದಾಗ ನಿಂತು ನೋಡತಿರತೇನಿ. ಮನಿ ಇಷ್ಟ ಹತ್ತರ ಇಟ್ಕೊಂಡು ಅಲ್ಲಿ ಯಾಕ ನಿಂದರ್ತಿ ನೀ?"

ಸುನಂದಾಳ ಸಿಟ್ಟು ಅಲ್ಲೇ ನಿಂತುಹೋಯಿತು. ನೆಲ ನೋಡುತ್ತ ಹೇಳಿದಳು.

"ಅಳಾಕ."

ನಾನು ಮೀಟರಿನ ತಂತಿ ಸುತ್ತುವ ನೆವದಿಂದ ಅತ್ತ ತಿರುಗಿದೆ.

"ಇನ್ನೊಬ್ಬರ ಹೆಣ್ಣುಮಕ್ಕಳ ತಲಿಗೆ ಹೂವಿನ ದಂಡಿ ಕಟ್ಟಿ, ಕಾಡಿಗಿ ಹಚ್ಚಿ, ನಕ್ಕೋತ ಬಂದಿರತೇನಿ. ಮನ್ಯಾಗ ಅಳಾಕ ಬರೂದಿಲ್ಲ. ನೀ ಕೇಳಸ್ಕೋತಿ. ಅದಕ್ಕ ಹಳ್ಳದಾಗ ಅತ್ತು, ಮಾರಿ ತೊಳ್ಕೊಂಡು ಬರತೇನಿ."

ಬೀರಪ್ಪ ಮೊಬೈಲನ್ನು ಕಿಸೆಗೆ ಹಾಕಲು ಎರಡು ಮೂರು ಸಲ ಪ್ರಯತ್ನಿಸಿದ, ಕಿಸೆ ಸಿಗಲಿಲ್ಲ.

"ಹಳ್ಳದಾಗ ಬ್ಯಾಡವಾ," ಎಂದ ಕೊನೆಗೆ. "ಹುಳಾ ಹುಪ್ಪಡಿ ಇರತಾವು. ಮನಿಗೆ ಬಂದು ಅಳು. ನಾ ಎದ್ದು ಹೊರಗ ಹೋಗಿ ಕುಂದರತೇನಿ."

"ಮಳಿ ಬಂದ್ರ?"

"ಕಂಬಳಿ ಐತಿ."

ಸುನಂದಾ ಅಳುತ್ತಲೇ ನಕ್ಕುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, "ಅದನ್ನ ಕತ್ತರಸ್ರಿ ಕಾಕಾ," ಎಂದಳು. ನಾನು ಬೀರಪ್ಪನ ಮುಖ ನೋಡಿದೆ. ಅವನು ತಲೆಯಾಡಿಸಿದ. ತಂತಿ ಕತ್ತರಿಸಿ, ತುದಿಗೆ ಟೇಪು ಸುತ್ತಿ, ಡಬ್ಬಿಯನ್ನು ಅವನ ಅಂಗೈಯಲ್ಲಿಟ್ಟೆ. ಅದನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡು ನಿಂತ.

"ಬೇಕಾದ್ರ ಟಗರಿಗೆ ಕಟ್ಟು," ಎಂದಳು ಮಗಳು, ನೇರವಾಗಿ ಅವನಿಗೇ.

ಕಾರನ್ನು ತಗಡಿನ ಕೆಳಗೇ ಬಿಟ್ಟು ಮತ್ತೊಮ್ಮೆ ಮೀಟರ್ ಹಾಕಿದೆ. ಎಲ್ಲವೂ ಒಂದೊಂದಾಗಿ ಮಲಗಿದವು, ಅಂಕಿ ಸೊನ್ನೆಯ ಹತ್ತಿರ ಬಂದು ನಿಂತಿತು. ಅಷ್ಟು ಹೊತ್ತಿನಲ್ಲಿ ಅಪ್ಪ ಮಗಳು ಒಳಗೆ ಒಟ್ಟಿಗೆ ಉಂಡರು. ನನ್ನನ್ನೂ ಕರೆದರು. ಕಾರು ಬಿಟ್ಟು ಬರಲಾಗುವುದಿಲ್ಲ ಎಂದೆ. ಬರಬಹುದಿತ್ತು. ಅವರ ನಡುವೆ ಆ ಹೊತ್ತಿಗೆ ಇನ್ನೊಂದು ತಾಟು ಬೇಡ ಎನಿಸಿತು. ನನ್ನ ಪಾಲಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹೊರಗೇ ಬಂತು. ಟಗರಿನ ಪಕ್ಕ ಕೂತು ತಿಂದೆ. ಇಬ್ಬರೂ ನೌಕರಿ ಕಳೆದುಕೊಂಡವರು.

ಮಧ್ಯಾಹ್ನ ಕಾರು ಒಂದೇ ಏಟಿಗೆ ಎದ್ದಿತು. ನನ್ನನ್ನು ಇಂಡಿಯಲ್ಲಿ ಇಳಿಸಿ ಮುದ್ದೇಬಿಹಾಳಕ್ಕೆ ಹೋಗುತ್ತೇನೆಂದು ಸುನಂದಾ ಪೆಟ್ಟಿಗೆ ಇಟ್ಟಳು. ಬೀರಪ್ಪ ಕಿಟಕಿಯ ಹತ್ತಿರ ಬಂದ.

"ಮುಟ್ಟಿದ ಮ್ಯಾಲ ಫೋನ್ ಹಚ್ಚು."

"ಹಚ್ತೇನಿ."

ಆಮೇಲೆ ಅವನು ಬಗ್ಗಿ ನನಗೂ ಹೇಳಿದ: "ನೀವೂ ಹಚ್ರಿ ಮಿಸ್ತ್ರಿಗೋಳ, ಮುಟ್ಟಿದ ಮ್ಯಾಲ."

ನಮ್ಮ ಕಡೆ ಯಾರನ್ನು ಕಳಿಸುವಾಗಲೂ ಹೇಳುವ ಮಾತು ಅದು. ಆದರೆ ಹೆಂಡತಿ ಹೋದ ಮೇಲೆ ನನಗೆ ಯಾರೂ ಹೇಳಿರಲಿಲ್ಲ. ಎಷ್ಟೋ ಊರಿಗೆ ಹೋದೆ, ಬಂದೆ; ಮುಟ್ಟಿದೆ ಎಂದು ತಿಳಿಸಬೇಕಾದ ಮನೆ ಎಲ್ಲೂ ಇರಲಿಲ್ಲ. ಹ್ಞೂಂ ಎಂದೆ.

ದಾರಿಯಲ್ಲಿ ಹಳ್ಳ ಬಂತು. ಸುನಂದಾ ನಿಲ್ಲಿಸಲಿಲ್ಲ. ಅಂಗಡಿಯ ಮುಂದೆ ನನ್ನನ್ನು ಇಳಿಸಿ, ಕೈ ಮಾಡಿ ಹೊರಟುಹೋದಳು. ಕೂಡಲೇ ಫೋನ್ ಮಾಡಲು ನಾಚಿಕೆಯಾಯಿತು. ಇಷ್ಟು ದೊಡ್ಡ ಮನುಷ್ಯ ಮುಟ್ಟಿದೆ ಎಂದು ಹೇಳುವುದೇ ಎನಿಸಿತು. ಉಪಕರಣಗಳನ್ನು ಜೋಡಿಸಿಟ್ಟೆ, ಮುಖ ತೊಳೆದೆ. ದೀಪ ಹಚ್ಚುವ ಹೊತ್ತಿಗೆ ಧೈರ್ಯ ಮಾಡಿ, ಸುನಂದಾ ದಾರಿಯಲ್ಲಿ ಕೊಟ್ಟಿದ್ದ ಬೀರಪ್ಪನ ನಂಬರು ಒತ್ತಿದೆ. ಅವರು ಬೇರೊಂದು ಕರೆಯಲ್ಲಿದ್ದಾರೆ ಎಂದಿತು. ಅವಳು ಮುದ್ದೇಬಿಹಾಳ ಮುಟ್ಟಿರಬೇಕು ಎಂದುಕೊಂಡೆ. ಚಹಾ ಮಾಡಿ ಕುಡಿದು ಮತ್ತೆ ಒತ್ತಿದೆ. ಇನ್ನೂ ಮಾತಾಡುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಒತ್ತಿದೆ. ಆಗಲೂ ಮಾತು ಮುಗಿದಿರಲಿಲ್ಲ.

ನಾನು ಫೋನನ್ನು ಕೈಯಲ್ಲೇ ಹಿಡಿದುಕೊಂಡು ಅಂಗಡಿಯ ಕಟ್ಟೆಯ ಮೇಲೆ ಕೂತೆ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಅದನ್ನು ಹೇಳೋಣವೆಂದರೆ ನನಗೆ ಗೊತ್ತಿದ್ದ ಆ ಒಂದು ನಂಬರಿಗೂ ಬಿಡುವಿರಲಿಲ್ಲ.